ರಂಗದ ಹಿಂದಿನ ಲೆಕ್ಕ: ಕಲೆ ಮತ್ತು ವಾಣಿಜ್ಯ ಕೂಡುವ ಒಂದು ವೃತ್ತಿ

ಬಿ.ಕಾಂ. ಮುಗಿಸಿದ ಮಗನೋ ಮಗಳೋ ಅಂಗಡಿಯ ಗಲ್ಲಾದ ಬಳಿ ಕೂರುವುದಕ್ಕಿಂತ ನಾಟಕದ ತಾಲೀಮಿನಲ್ಲಿ ಹೆಚ್ಚು ಉತ್ಸಾಹ ತೋರಿದರೆ ವರ್ತಕರ ಮನೆಗಳಲ್ಲಿ ಆತಂಕ ಮೂಡುವುದು ಸಹಜ. ಆದರೆ ರಂಗಭೂಮಿಯಲ್ಲಿ ಇಂದು ಎದ್ದು ಕಾಣುವ ಕೊರತೆ ನಟರದಲ್ಲ. ಕಲೆಯ ಒಳಗುಟ್ಟನ್ನು ಅರಿತು, ವೆಚ್ಚದ ಲೆಕ್ಕವನ್ನೂ ಬಲ್ಲ ನಿರ್ವಾಹಕರದು.

ಇದು ಕನ್ನಡಕ್ಕೆ ಹೊಸತೇನಲ್ಲ. ನಮ್ಮ ವೃತ್ತಿರಂಗಭೂಮಿಗೆ ‘ಕಂಪನಿ ನಾಟಕ’ವೆಂದೇ ಹೆಸರು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ಮುಂದೆ ನಡೆಸಿದ ಗುಬ್ಬಿ ವೀರಣ್ಣನವರು ಹೆಸರಾಂತ ಹಾಸ್ಯನಟರೂ ಹೌದು, ಮಾಲೀಕರೂ ಹೌದು. ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು ಅವರು. ಆನೆಯ ಮೇವಿನ ಖರ್ಚನ್ನು ಟಿಕೆಟ್ಟಿನ ಹಣದಲ್ಲಿ ಹುಟ್ಟಿಸುವ ಲೆಕ್ಕವನ್ನೂ ಯಾರೋ ಹಾಕಿರಲೇಬೇಕಲ್ಲವೆ?

ಹನುಮಂತನಗರದಲ್ಲಿಯೇ ಕೆಂಗಲ್ ಹನುಮಂತಯ್ಯ ಕಲಾಸೌಧವಿದೆ. ಕೆಲವೇ ಕಿಲೋಮೀಟರ್ ದೂರದ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರವಿದೆ. ರಂಗಮಂದಿರಕ್ಕೆ ಕೊರತೆಯಿಲ್ಲದ ಈ ಭಾಗದಲ್ಲೂ ಹವ್ಯಾಸಿ ತಂಡವೊಂದು ನಾಲ್ಕೈದು ಪ್ರದರ್ಶನಗಳಿಗೇ ಸುಸ್ತಾಗುವುದುಂಟು. ಏಕೆಂಬುದನ್ನು ಸಣ್ಣ ಕೈಗಾರಿಕೆಯವರು ಬೇಗ ಗ್ರಹಿಸಬಲ್ಲರು. ನಾಟಕವನ್ನು ಕಟ್ಟುವ ಖರ್ಚು ಡೈ ಮಾಡಿಸುವ ಖರ್ಚಿನಂತೆ. ಪ್ರತಿಯೊಂದು ಪ್ರದರ್ಶನ ಆ ಡೈಯಿಂದ ತೆಗೆಯುವ ಒಂದು ನಗ. ಐದು ನಗ ತೆಗೆದು ಡೈಯನ್ನು ಮೂಲೆಗೆ ಎಸೆಯುವ ಕಾರ್ಖಾನೆ ಎಷ್ಟು ದಿನ ನಡೆದೀತು?

ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. ರಂಗಸಜ್ಜಿಕೆ, ವೇಷಭೂಷಣ, ತಾಲೀಮುಗಳಿಗೆ 1,50,000 ರೂ. ಸಭಾಂಗಣದ ಬಾಡಿಗೆ, ಬೆಳಕು, ಸಾಗಾಣಿಕೆ, ಕಲಾವಿದರ ಗೌರವಧನ ಸೇರಿ ಪ್ರತಿ ಪ್ರದರ್ಶನಕ್ಕೆ 35,000 ರೂ. 200 ಮಂದಿ ತಲಾ 200 ರೂ. ಕೊಟ್ಟು ಬಂದರೆ ಆದಾಯ 40,000 ರೂ. ಉಳಿಯುವುದು 5,000 ರೂ. ಮಾತ್ರ; ಅಸಲು ಮರಳಲು 30 ಪ್ರದರ್ಶನಗಳು ಬೇಕು. ಈಗ ವಿನ್ಯಾಸಕಾರನು ಎರಡು ಲಾರಿಗಳ ಸಜ್ಜಿಕೆಯನ್ನು ಒಂದೇ ಟೆಂಪೋದಲ್ಲಿ ಮಡಚಿಡಬಹುದಾದಂತೆ ರೂಪಿಸಿ, ಪ್ರದರ್ಶನವೊಂದಕ್ಕೆ 5,000 ರೂ. ಉಳಿಸಿದನೆನ್ನೋಣ. 15 ಪ್ರದರ್ಶನಗಳಿಗೇ ಅಸಲು ಬರುತ್ತದೆ. ಇದು ಜಿಪುಣತನವಲ್ಲ, ವಿನ್ಯಾಸವೇ ಲೆಕ್ಕವನ್ನು ಬದಲಿಸಿದ ಸಂದರ್ಭ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ದ ಮೂಲಕ ನಾಟಕಗಳನ್ನು ಊರೂರಿಗೆ ಒಯ್ಯುತ್ತಿರುವುದರಲ್ಲಿ ಸಾಂಸ್ಕೃತಿಕ ಆಶಯವೇ ಪ್ರಧಾನ, ಆದರೂ ಒಂದೇ ನಾಟಕದ ಖರ್ಚು ಹತ್ತಾರು ಪ್ರದರ್ಶನಗಳ ಮೇಲೆ ಹಂಚಿಹೋಗುವುದು ಅದರೊಳಗೇ ಅಡಗಿದೆ.

ತೆರಿಗೆಯ ಜ್ಞಾನವೂ ಇಲ್ಲಿ ಅಗತ್ಯ. ತಲಾ 500 ರೂ. ವರೆಗಿನ ನಾಟಕದ ಟಿಕೆಟ್ಟಿಗೆ 2018ರ ಜನವರಿ 25ರಿಂದ ಜಿ.ಎಸ್.ಟಿ. ವಿನಾಯಿತಿಯಿದೆ (ಮೊದಲು ಈ ಮಿತಿ 250 ರೂ. ಇತ್ತು). ಸಂತೋಷದ ಸಂಗತಿಯೇ. ಆದರೆ ವಿನಾಯಿತಿಯಿರುವ ಕಡೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದ ಕಾರಣ, ಬಾಡಿಗೆ ಮತ್ತು ಬೆಳಕಿನ ಬಿಲ್ಲಿನಲ್ಲಿ ತೆತ್ತ ತೆರಿಗೆಯೂ ಖರ್ಚಿಗೇ ಸೇರುತ್ತದೆ. ಸ್ಮರಣ ಸಂಚಿಕೆಗೆ ಜಾಹೀರಾತು ಕೊಡುವ ವರ್ತಕರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಜಾಹೀರಾತಿನ ಹಣ ವ್ಯಾಪಾರದ ಖರ್ಚು, ದೇಣಿಗೆಯಲ್ಲ, ದೇಣಿಗೆಯ ನಿಯಮಗಳೇ ಬೇರೆ. ರಸೀದಿಯಲ್ಲಿ ಏನೆಂದು ಬರೆಯಬೇಕೆಂಬುದನ್ನು ತಿಳಿದ ನಿರ್ವಾಹಕನಿದ್ದರೆ ಇಬ್ಬರಿಗೂ ತೊಂದರೆಯಿಲ್ಲ.

ಈ ವಿದ್ಯೆಯನ್ನು ಕಲಿಸುವ ಪ್ರಯತ್ನಗಳೂ ನಡೆದಿವೆ. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಇತರ ಸಂಸ್ಥೆಗಳೊಡಗೂಡಿ ರಂಗತಂಡಗಳಿಗಾಗಿ ‘ಸ್ಮಾರ್ಟ್’ ಎಂಬ ನಿರ್ವಹಣಾ ತರಬೇತಿಯನ್ನು ನಡೆಸಿದೆ.

ಆದಾಯದ ವಿಚಾರದಲ್ಲಿ ಮಾತ್ರ ಭ್ರಮೆ ಬೇಡ. ನಾಟಕವೊಂದನ್ನೇ ನಂಬಿದ ನಿರ್ವಾಹಕನಿಗೆ ತಿಂಗಳ ಸಂಬಳದ ಭರವಸೆ ಕಡಿಮೆ. ಉತ್ಸವ, ವಸ್ತುಪ್ರದರ್ಶನ, ಕಂಪನಿಗಳ ಸಮಾರಂಭ, ಚಿತ್ರೀಕರಣಗಳ ಕೆಲಸವನ್ನೂ ಜೊತೆಗೂಡಿಸಿಕೊಳ್ಳಬೇಕಾಗುತ್ತದೆ. ಮೇಲಿನ ಲೆಕ್ಕದಲ್ಲಿಯೂ ಅವನ ಸಂಭಾವನೆ ಸೇರಿಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಎಷ್ಟೋ ತಂಡಗಳ ಆಯವ್ಯಯ ಪಟ್ಟಿಯಲ್ಲಿಯೂ ಅದು ಇರುವುದಿಲ್ಲ. ಪ್ರದರ್ಶನಕ್ಕೆ 3,000 ರೂ. ಎಂದು ಸೇರಿಸಿದರೆ ಉಳಿತಾಯ 10,000ದಿಂದ 7,000 ರೂ.ಗೆ ಇಳಿಯುತ್ತದೆ, ಆಗ ಬೇಕಾಗುವ ಪ್ರದರ್ಶನಗಳು 15 ಅಲ್ಲ, 22.