ಮಂಡಿಯೊಳಗಿನ ಮಟ್ಟಗೋಲು

"ಚಿಪ್ಪು ಸವೆದುಹೋಗಿದೆ, ಬದಲಾಯಿಸಬೇಕಂತೆ." ಮಂಡಿನೋವು ಹೊಕ್ಕ ಮನೆಗಳಲ್ಲಿ ಈ ಮಾತು ಕೇಳದವರಿಲ್ಲ. ನನ್ನ ಸೋದರತ್ತೆಯೂ ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಹೀಗೇ ಹೇಳಿದರು. ಆಮೇಲೆ ದನಿ ತಗ್ಗಿಸಿ, "ಮಂಡೀನೇ ಕತ್ತರಿಸಿ ತೆಗೆದು ಸ್ಟೀಲಿಂದು ಕೂರಿಸ್ತಾರಂತಲ್ಲೋ, ಹೌದೇನೋ?" ಎಂದು ಕೇಳಿದರು. ಅವರ ನಡುಗುವ ದನಿ ಕೇಳಿದ ಮೇಲೆ, ಈ ಆಪರೇಷನ್ನಿನಲ್ಲಿ ಮೂಳೆಯನ್ನು ಹೇಗೆ ಕೊಯ್ಯುತ್ತಾರೆ, ಎಷ್ಟು ಕೊಯ್ಯುತ್ತಾರೆ, ಎಲ್ಲಿ ಕೊಯ್ಯಬೇಕೆಂದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಯಾರಾದರೂ ಬಿಡಿಸಿ ಹೇಳಲೇಬೇಕು ಅನ್ನಿಸಿತು.

ಮೊದಲಿಗೆ ಆ ಚಿಪ್ಪಿನ ಮಾತು. ಕಾಲು ಚಾಚಿ ಕುಳಿತಾಗ ಮಂಡಿಯ ಮುಂದೆ ಅತ್ತಿತ್ತ ಜರುಗುವ ಗುಂಡನೆಯ ಮೂಳೆಯೇ ಚಿಪ್ಪು. ಬದಲಾವಣೆ ನಡೆಯುವುದು ಮುಖ್ಯವಾಗಿ ಅದರ ಹಿಂದೆ, ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲಿನ ಮೂಳೆಯ ಮೇಲ್ತುದಿ ಒಂದನ್ನೊಂದು ಮುಟ್ಟುವ ಜಾಗದಲ್ಲಿ. ಚಿಪ್ಪನ್ನು ಅನೇಕ ಶಸ್ತ್ರಚಿಕಿತ್ಸಕರು ಇದ್ದಂತೆಯೇ ಬಿಡುತ್ತಾರೆ. ಕೆಲವರು ಅದರ ಒಳಮೈಯನ್ನು ಹೆರೆದು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಅಂಟಿಸುತ್ತಾರೆ.

ಇಡೀ ಮಂಡಿಯನ್ನು ಕತ್ತರಿಸಿ ತೆಗೆಯುವುದಂತೂ ಇಲ್ಲವೇ ಇಲ್ಲ. ತೊಡೆಮೂಳೆಯ ತುದಿಯಿಂದ ಸುಮಾರು 8ರಿಂದ 10 ಮಿಲಿಮೀಟರ್, ಕಣಕಾಲಿನ ಮೂಳೆಯ ಸವೆಯದ ಬದಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ಹಲ್ಲಿಗೆ ಕ್ಯಾಪ್ ಹಾಕುವ ಮೊದಲು ದಂತವೈದ್ಯರು ಸುತ್ತಲೂ ಹೆರೆಯುತ್ತಾರಲ್ಲ, ಹಾಗೆ. ಹೆರೆದಷ್ಟೇ ದಪ್ಪದ ಕೋಬಾಲ್ಟ್ ಕ್ರೋಮಿಯಂ ಹೊದಿಕೆ ಮೇಲೆ, ಲೋಹದ ತಟ್ಟೆ ಕೆಳಗೆ, ಎರಡರ ನಡುವೆ ಗಟ್ಟಿ ಪಾಲಿಎಥಿಲೀನ್ ಹಲ್ಲೆ. ಪಕ್ಕದ ಅಸ್ಥಿರಜ್ಜುಗಳು, ಸ್ನಾಯುಗಳು, ಚರ್ಮ ಎಲ್ಲವೂ ರೋಗಿಯವೇ ಆಗಿ ಉಳಿಯುತ್ತವೆ. ಅತ್ತೆಗೆ ಇದನ್ನು ಹೇಳಿದಾಗ ಅವರ ಮುಖ ತುಸು ತಿಳಿಯಾಯಿತು.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಗರಗಸ ಹಿಡಿಯುವುದು ಕಷ್ಟವಲ್ಲ. ಯಾವ ಓರೆಯಲ್ಲಿ ಹಿಡಿಯಬೇಕು ಎಂಬುದೇ ಕಷ್ಟ. ದೇಹದ ಭಾರ ಇಳಿಯುವ ಗೆರೆಯೊಂದಿದೆ. ಅದು ಸೊಂಟದ ಕೀಲಿನ ನಡುಬಿಂದುವಿನಿಂದ ಹೊರಟು ಪಾದದ ಹರಡಿನ ನಡುವಿಗೆ ಬಂದು ಸೇರುತ್ತದೆ. ಕೊಯ್ತ ಈ ಗೆರೆಗೆ ಲಂಬವಾಗಿರಬೇಕೆಂಬುದು ಹಳೆಯ ನಿಯಮ. ಆದರೆ ಸೊಂಟದ ಕೀಲು ಮಾಂಸದ ಆಳದಲ್ಲಿ ಹುದುಗಿದೆ, ಮೇಲೆ ಹಸಿರು ಬಟ್ಟೆ ಹೊದಿಸಿದೆ. ಕಾಣದ ಬಿಂದುವಿಗೆ ಗೆರೆ ಎಳೆಯುವುದು ಹೇಗೆ?

ಗಾರೆ ಕೆಲಸದವರಿಗೆ ರಸಮಟ್ಟ, ತೂಗುಗುಂಡು ಇದ್ದಂತೆ ಇದಕ್ಕೂ ಸಲಕರಣೆಗಳಿವೆ. ತೊಡೆಮೂಳೆಯ ಕೆಳತುದಿಯಲ್ಲಿ ಒಂದು ರಂಧ್ರ ಕೊರೆದು, ಮಜ್ಜೆಯ ಕೊಳವೆಯೊಳಗೆ ಉದ್ದನೆಯ ಲೋಹದ ಸರಳನ್ನು ತೂರಿಸುತ್ತಾರೆ. ಸರಳು ಮೂಳೆಯ ನಡುಗೆರೆಯನ್ನು ತೋರಿಸುತ್ತದೆ. ಭಾರದ ಗೆರೆಯೇ ಬೇರೆ. ಎರಡರ ನಡುವೆ ಸಾಮಾನ್ಯವಾಗಿ 5ರಿಂದ 7 ಡಿಗ್ರಿ ಅಂತರವಿರುತ್ತದೆ. ಆ ಅಂತರವನ್ನು ಸರಳಿಗೆ ಜೋಡಿಸಿದ ಗೈಡ್‌ನಲ್ಲಿ ಹೊಂದಿಸಿ, ಅದರ ಮುಂದೆ ಸೀಳುಗಳಿರುವ ಕಟಿಂಗ್ ಬ್ಲಾಕನ್ನು ಪಿನ್ ಹೊಡೆದು ನಿಲ್ಲಿಸುತ್ತಾರೆ. ಗರಗಸದ ಅಲಗು ಆ ಸೀಳಿನೊಳಗೇ ಓಡಬೇಕು. ಕಣಕಾಲಿನ ಮೂಳೆಗೆ ಬಹಳಷ್ಟು ಜನ ಹೊರಗಿನಿಂದಲೇ ಗೈಡ್ ಕಟ್ಟುತ್ತಾರೆ. ಕೆಳಗೆ ಹರಡಿಗೆ ಹಿಡಿಕೆ, ಮೇಲೆ ಮಂಡಿಯ ಬಳಿ ಬ್ಲಾಕ್, ನಡುವೆ ಮೂಳೆಗೆ ಸಮಾನಾಂತರವಾದ ಕೋಲು.

ಒಂದು ಡಿಗ್ರಿ ತಪ್ಪಿದರೆ ಏನಾದೀತು ಎನ್ನುವವರಿದ್ದಾರೆ. 75 ಮಿಲಿಮೀಟರ್ ಅಗಲದ ಮೂಳೆಯಲ್ಲಿ ಒಂದು ಡಿಗ್ರಿ ಓರೆಯೆಂದರೆ ಒಂದು ಬದಿಗೆ 1.3 ಮಿಲಿಮೀಟರ್ ಹೆಚ್ಚು ಕೊಯ್ದಂತೆ. ಅದೇ ಓರೆ ತೊಡೆಯುದ್ದಕ್ಕೂ ಸಾಗಿ ಸೊಂಟ ಮುಟ್ಟುವಾಗ 7 ಮಿಲಿಮೀಟರ್ ದಾಟಿರುತ್ತದೆ.

"ಅಳತೆಯೆಲ್ಲ ಕಂಪನಿಯವರೇ ಮಾಡಿಟ್ಟಿರ್ತಾರೆ, ಬ್ಲಾಕ್ ಇಟ್ಟು ಕೊಯ್ದರಾಯ್ತು" ಎಂಬ ನಂಬಿಕೆ ಓದಿದವರಲ್ಲೂ ಇದೆ. ಕಂಪನಿಯವರು ಪೆಟ್ಟಿಗೆಗಟ್ಟಲೆ ಸಲಕರಣೆ ತಂದುಕೊಡುವುದು ನಿಜ. ಒಂದು ಕಂಪನಿಯ ಬ್ಲಾಕು ಅದೇ ಕಂಪನಿಯ ಇಂಪ್ಲಾಂಟಿಗೆ ಮಾತ್ರ ಹೊಂದುತ್ತದೆ ಎಂಬುದೂ ನಿಜ. ಆದರೆ ಗೈಡ್‌ನಲ್ಲಿ 5 ಇಡಬೇಕೋ 7 ಇಡಬೇಕೋ ಎಂದು ಪೆಟ್ಟಿಗೆ ಹೇಳುವುದಿಲ್ಲ. ನಮ್ಮವರಲ್ಲಿ, ಏಷ್ಯಾದ ಇತರ ಜನರಲ್ಲೂ, ತೊಡೆಮೂಳೆ ಹೊರಕ್ಕೆ ಬಿಲ್ಲಿನಂತೆ ಬಾಗಿರುವುದು ಅಪರೂಪವಲ್ಲ. ಬಾಗಿದ ಮೂಳೆಯೊಳಗೆ ನೇರ ಸರಳು ಹೋದರೆ ಅದು ತೋರಿಸುವ ದಿಕ್ಕೇ ಬೇರೆಯಾಗುತ್ತದೆ. ಅಂಥವರಿಗೆ ಎಲ್ಲರಿಗೂ ಇಡುವ 6 ಡಿಗ್ರಿಯನ್ನೇ ಇಟ್ಟರೆ ಕಾಲು ಸೊಟ್ಟಗೇ ಉಳಿದೀತು. ನಿಂತ ಭಂಗಿಯಲ್ಲಿ, ಸೊಂಟದಿಂದ ಹರಡಿನವರೆಗೆ ಒಂದೇ ಹಾಳೆಯಲ್ಲಿ ತೆಗೆದ ಉದ್ದನೆಯ ಎಕ್ಸ್‌ರೇಯ ಮೇಲೆ ಗೆರೆ ಎಳೆದು ಆ ರೋಗಿಯ ಕೋನವನ್ನು ಮೊದಲೇ ಅಳೆಯುವುದು ಅದಕ್ಕಾಗಿಯೇ. ಮಂಡಿಯನ್ನಷ್ಟೇ ತೋರಿಸುವ ಚಿಕ್ಕ ಎಕ್ಸ್‌ರೇಯಲ್ಲಿ ಈ ಬಾಗು ಕಾಣುವುದೇ ಇಲ್ಲ.

ಇನ್ನು ಬ್ಲಾಕ್ ಸರಿಯಾಗಿ ಕೂತರೂ ಅಲಗು ಮೋಸ ಮಾಡಬಲ್ಲದು. ಬಿಲ್ಲುಗಾಲಿನವರಲ್ಲಿ ಕಣಕಾಲಿನ ಮೂಳೆಯ ಒಳಬದಿ ವರ್ಷಗಟ್ಟಲೆ ಭಾರ ಹೊತ್ತು ದಂತದ ಹಾಗೆ ಗಟ್ಟಿಯಾಗಿರುತ್ತದೆ. ತೆಳ್ಳನೆಯ ಅಲಗು ಆ ಗಟ್ಟಿಗೆ ತಾಗಿ ಬಳುಕಿ ಮೇಲೇರುತ್ತದೆ. ಮರದ ಗಂಟು ಸಿಕ್ಕಾಗ ಬಡಗಿಯ ಕೈ ಜಾಗೃತವಾಗುವಂತೆ ಇಲ್ಲಿಯೂ ಆಗಬೇಕು. ಕೊಯ್ದ ಮೇಲೆ ಚಪ್ಪಟೆ ತಗಡಿಟ್ಟು, ಕೋಲು ಇಳಿಬಿಟ್ಟು ಮತ್ತೆ ಪರೀಕ್ಷಿಸುವುದನ್ನು ಒಳ್ಳೆಯ ಶಸ್ತ್ರಚಿಕಿತ್ಸಕರು ಬಿಡುವುದಿಲ್ಲ.

ಕೋಲಿನಂತೆ ನೆಟ್ಟಗಿರುವ ಕಾಲೇ ಆರೋಗ್ಯವಂತ ಕಾಲು ಎಂಬುದು ಜನರಿಗಷ್ಟೇ ಅಲ್ಲ, ವೈದ್ಯಲೋಕಕ್ಕೂ ದಶಕಗಳ ಕಾಲ ಇದ್ದ ನಂಬಿಕೆ. 1991ರ ಬ್ರಿಟಿಷ್ ಅಧ್ಯಯನವೊಂದು ಅದಕ್ಕೆ ಬಲ ಕೊಟ್ಟಿತು. ಭಾರದ ಗೆರೆ 3 ಡಿಗ್ರಿಯ ಮಿತಿಯೊಳಗಿದ್ದ ಮಂಡಿಗಳಲ್ಲಿ ಶೇ. 3 ಸಡಿಲವಾದರೆ, ಮಿತಿ ಮೀರಿದವುಗಳಲ್ಲಿ ಶೇ. 24 ಸಡಿಲವಾಗಿದ್ದವು. ಆಮೇಲೆ ಚಿತ್ರ ಬದಲಾಯಿತು. 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 398 ಮಂಡಿಗಳ 15 ವರ್ಷಗಳ ಲೆಕ್ಕ ಪ್ರಕಟಿಸಿದರು. ಹೊಸ ಕಾಲದ ಸಿಮೆಂಟ್ ಹಾಕಿದ ಇಂಪ್ಲಾಂಟುಗಳಲ್ಲಿ, ಮಿತಿಯೊಳಗಿನವು ಹೊರಗಿನವುಗಳಿಗಿಂತ ಹೆಚ್ಚು ಬಾಳಲಿಲ್ಲ. 2012ರಲ್ಲಿ ಬೆಲ್ಜಿಯಂನ ತಂಡವೊಂದು ನೋವೇ ಇಲ್ಲದ 250 ಯುವಜನರ ಕಾಲು ಅಳೆದಾಗ, ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 17 ಮಂದಿಯ ಕಾಲು ಸಹಜ ಬೆಳವಣಿಗೆಯಿಂದಲೇ 3 ಡಿಗ್ರಿ ಅಥವಾ ಹೆಚ್ಚು ಬಿಲ್ಲಾಗಿತ್ತು. ಜೀವನವಿಡೀ ತುಸು ಬಾಗಿದ ಕಾಲಲ್ಲಿ ನಡೆದವರನ್ನು ಒಂದೇ ದಿನದಲ್ಲಿ ಗೂಟದಂತೆ ನೆಟ್ಟಗೆ ಮಾಡುವುದು ಅವರಿಗೆ ಹೊಸ ಕಾಲನ್ನೇ ಕೊಟ್ಟಂತೆ, ಅದು ಎಲ್ಲರಿಗೂ ಹಿತವಾಗಬೇಕೆಂದಿಲ್ಲ.

ಹಾಗೆಂದು ಎಷ್ಟು ಸೊಟ್ಟಗಾದರೂ ನಡೆದೀತು ಎಂದಲ್ಲ. ಕಣಕಾಲಿನ ಕಡೆಯ ಭಾಗ ಒಳಕ್ಕೆ ತೀರ ವಾಲಿದರೆ ಸಡಿಲವಾಗುವ ಅಪಾಯ ಇದ್ದೇ ಇದೆ. ಈ ಎರಡರ ನಡುವೆ ದಾರಿ ಹುಡುಕಿದವರು ಕೈನೆಮ್ಯಾಟಿಕ್ ಅಲೈನ್‌ಮೆಂಟ್ ಎಂಬ ಪದ್ಧತಿ ತಂದರು. ಅದರಲ್ಲಿ ಕೊಯ್ದು ತೆಗೆದ ಮೂಳೆಯ ತುಣುಕನ್ನೇ ಕ್ಯಾಲಿಪರ್‌ನಲ್ಲಿ ಅಳೆಯುತ್ತಾರೆ. ತುಣುಕಿನ ದಪ್ಪ, ಅಲಗು ತಿಂದ ಮಿಲಿಮೀಟರು, ಸವೆದುಹೋದ ಮೃದ್ವಸ್ಥಿಯ ಸುಮಾರು 2 ಮಿಲಿಮೀಟರು, ಇಷ್ಟೂ ಕೂಡಿದರೆ ಇಂಪ್ಲಾಂಟಿನ ದಪ್ಪಕ್ಕೆ ಸಮ ಬರಬೇಕು. ರೋಗ ಬರುವ ಮುಂಚಿನ ಮಂಡಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಮರಳಿ ಕಟ್ಟುವ ಈ ಪ್ರಯತ್ನ ನನಗೆ ತುಂಬ ಮಾನವೀಯವಾಗಿ ಕಾಣುತ್ತದೆ.

"ರೋಬೋಟೇ ಆಪರೇಷನ್ ಮಾಡುತ್ತಂತೆ, ಅದು ತಪ್ಪೋದೇ ಇಲ್ಲವಂತೆ" ಎಂಬುದು ಈಗಿನ ದೊಡ್ಡ ನಂಬಿಕೆ. ಇದರ ಹಿಂದೆ ಒಂದು ಒಳ್ಳೆಯ ಉಪಾಯವಿದೆ. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೊದಲ ಬಾರಿಗೆ ಕಂಪ್ಯೂಟರ್ ನ್ಯಾವಿಗೇಷನ್ ಬಳಸಿ ಮಂಡಿ ಬದಲಿಸಿದರು. ಮೂಳೆಗೆ ಗುರುತುಗಳನ್ನು ಸಿಕ್ಕಿಸಿ, ತೊಡೆಯನ್ನು ಪಾತ್ರೆಯಲ್ಲಿ ಸೌಟು ತಿರುಗಿಸಿದಂತೆ ತಿರುಗಿಸುತ್ತಾರೆ. ಗುರುತು ಸಾಗಿದ ಜಾಡಿನಿಂದ ಕಂಪ್ಯೂಟರ್ ಸೊಂಟದ ಕೀಲಿನ ನಡುಬಿಂದುವನ್ನು ಲೆಕ್ಕ ಹಾಕುತ್ತದೆ. ಮಜ್ಜೆಯೊಳಗೆ ಸರಳು ತೂರಿಸಬೇಕಾಗಿಲ್ಲ. ಬಾಗಿದ ತೊಡೆಮೂಳೆಯವರಿಗೆ, ಹಿಂದೆ ಮುರಿದು ಒಳಗೆ ರಾಡ್ ಉಳಿದವರಿಗೆ ಇದು ದೊಡ್ಡ ಅನುಕೂಲ. ಇಂದಿನ ರೋಬೋಟ್ ತೋಳುಗಳು ಅದರ ಮುಂದಿನ ಹೆಜ್ಜೆ. ಕೆಲವು ಬ್ಲಾಕನ್ನು ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುತ್ತವೆ, ಕೆಲವು ಗರಗಸ ಗೆರೆ ದಾಟದಂತೆ ತಡೆಯುತ್ತವೆ. ಯೋಜನೆ ವೈದ್ಯರದು, ಇಂಥವುಗಳಲ್ಲಿ ಗರಗಸ ನಡೆಸುವ ಕೈಯೂ ವೈದ್ಯರದು.

ಕೊಯ್ತದ ನಿಖರತೆ ಇವುಗಳಿಂದ ಹೆಚ್ಚುತ್ತದೆ, ಅದನ್ನು ಅಲ್ಲಗಳೆಯಲಾಗದು. ನೋವು, ನಡಿಗೆ, ಬಾಳಿಕೆಯ ಮಾತೇ ಬೇರೆ. ದಕ್ಷಿಣ ಕೊರಿಯಾದಲ್ಲಿ ಹಿಂದಿನ ಪೀಳಿಗೆಯ ರೋಬೋಟ್ ಬಳಸಿದ ರೋಗಿಗಳನ್ನೂ ಸಾಮಾನ್ಯ ಸಲಕರಣೆಯವರನ್ನೂ ಕನಿಷ್ಠ 10 ವರ್ಷ ಹಿಂಬಾಲಿಸಿ, 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಗುಂಪಿನವರ ಅನುಭವ ಹೆಚ್ಚುಕಡಿಮೆ ಒಂದೇ ಇತ್ತು. ಮಂಡಿ ಇಂಪ್ಲಾಂಟುಗಳ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದೆ. ರೋಬೋಟಿನ ಹೆಸರಲ್ಲಿ ಸೇರಿಸುವ ಶುಲ್ಕ ಆ ಮಿತಿಯೊಳಗೆ ಬರುವುದಿಲ್ಲ. ರೋಬೋಟ್ ಇಲ್ಲದ ಊರಿನ ಆಸ್ಪತ್ರೆಯಲ್ಲಿ ಮಾಡಿಸಿದರೆ ತಾಯಿಗೆ ಅನ್ಯಾಯ ಮಾಡಿದೆವೇನೋ ಎಂದು ಕೊರಗುವ, ಸಾಲ ಮಾಡಲು ಹೊರಡುವ ಮಕ್ಕಳಿಗೆ ಈ ಮಾತು ತಲುಪಬೇಕು. ಇಂಗ್ಲೆಂಡಿನ ಸಂಶೋಧಕರು ಹಲವು ದೇಶಗಳ ದಾಖಲೆ ಕೂಡಿಸಿ 2019ರಲ್ಲಿ ಹಾಕಿದ ಲೆಕ್ಕದಲ್ಲಿ ಪೂರ್ಣ ಮಂಡಿ ಬದಲಾವಣೆಗಳ ಪೈಕಿ ಸುಮಾರು ಶೇ. 82 ಇಂಪ್ಲಾಂಟುಗಳು 25 ವರ್ಷ ಬಾಳಿದ್ದವು. ಅಷ್ಟು ಹಿಂದೆ ಕೂರಿಸಿದವುಗಳಲ್ಲಿ ಬಹುಪಾಲು ಸರಳು ಮತ್ತು ಬ್ಲಾಕಿನ ಕೆಲಸವೇ.

ಇಷ್ಟೆಲ್ಲ ಆದರೂ ಕೋನ ಸರಿಯಿದ್ದ ಮಾತ್ರಕ್ಕೆ ಮಂಡಿ ಸರಿಯಾಗುವುದಿಲ್ಲ. ಕೊಯ್ದ ಎರಡು ಮೂಳೆಗಳ ನಡುವಿನ ಸಂದು ಕಾಲು ಚಾಚಿದಾಗಲೂ ಮಡಚಿದಾಗಲೂ ಸಮವಾಗಿರಬೇಕು. ಚಾಚಿದಾಗ ಬಿಗಿಯಾದರೆ ಕಾಲು ಪೂರ್ತಿ ನೆಟ್ಟಗಾಗದು, ಮಡಚಿದಾಗ ಸಡಿಲವಾದರೆ ಮೆಟ್ಟಿಲಿಳಿಯುವಾಗ ಮಂಡಿ ಜಾರಿದಂತಾಗುತ್ತದೆ. ಅದಕ್ಕೇ ಮೊದಲು ತಾತ್ಕಾಲಿಕ ತುಣುಕುಗಳನ್ನು ಕೂರಿಸಿ, ಹಿಮ್ಮಡಿ ಹಿಡಿದು ಕಾಲನ್ನು ಮಡಚುತ್ತಾರೆ, ಚಾಚುತ್ತಾರೆ, ಅತ್ತಿತ್ತ ಅದುಮುತ್ತಾರೆ. ಚಿಪ್ಪು ತನ್ನ ತೋಡಿನಲ್ಲೇ ಜಾರುತ್ತಿದೆಯೇ ನೋಡುತ್ತಾರೆ. ಎಲ್ಲೋ ಬಿಗಿಯೆನಿಸಿದರೆ ಒಳಬದಿಯ ರಜ್ಜುವನ್ನು ಸ್ವಲ್ಪ ಸಡಿಲಿಸುತ್ತಾರೆ, ಇಲ್ಲವೇ ಬ್ಲಾಕನ್ನು ಮತ್ತೆ ಇಟ್ಟು 2 ಮಿಲಿಮೀಟರ್ ಕೊಯ್ಯುತ್ತಾರೆ. ಮತ್ತೆ ಮಡಚುತ್ತಾರೆ. ಒಂದು ಸಲ ಸಿಮೆಂಟ್ ಗಟ್ಟಿಯಾದರೆ ತಿದ್ದಲು ಬಾರದು. ಆದ್ದರಿಂದ ಕೈಗೆ ಸಮಾಧಾನವಾಗುವವರೆಗೂ ಮಡಚಿ ಚಾಚಿ ನೋಡಿ, ಆಮೇಲಷ್ಟೇ ನರ್ಸಿನ ಕಡೆ ತಿರುಗಿ, ಸಿಮೆಂಟ್ ಕಲಸಿ ಎನ್ನುತ್ತಾರೆ.