ಕಲ್ಲಿನ ಮನೆಗೆ ಎಷ್ಟು ವ್ಯಾಟ್ ಬೇಕು?

ಹಳೆಯ ರೇಡಿಯೋ ಸ್ವಿಚ್ ಹಾಕಿದ ಕೂಡಲೇ ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವ್‌ಗಳು ಕಾದು ಕೆಂಪಾದ ಮೇಲಷ್ಟೇ ಧ್ವನಿ ಹೊರಡುತ್ತಿತ್ತು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಇಂಥ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಅಲ್ಲಿ ಟ್ರಾನ್ಸಿಸ್ಟರೂ ಬಂತು. ಅದು ಚಿಕ್ಕದು, ಅಗ್ಗದ್ದು, ಕರೆಂಟು ಕಡಿಮೆ ತಿನ್ನುವಂಥದ್ದು. ವಾಲ್ವ್ ಮೂಲೆ ಸೇರಿತು.

ಅದೇ ವಾಲ್ವ್ ಇಂದು ಸಂಗೀತಪ್ರಿಯರ ಮನೆಗೆ ದುಬಾರಿ ಆಂಪ್ಲಿಫೈಯರ್ ಆಗಿ ಮರಳಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಲ್ಲಿ ಇದನ್ನು ಕೊಳ್ಳಬಯಸುವವರು ಮೊದಲು ನೋಡಬೇಕಾದದ್ದು ವ್ಯಾಟ್ ಅಲ್ಲ; ಸ್ಪೀಕರು ಮತ್ತು ಮನೆ.

ವಾಲ್ವ್‌ನ ಧ್ವನಿ ಏಕೆ ಹಿತ? ಶಕ್ತಿಯ ಮಿತಿ ಮುಟ್ಟಿದಾಗ ಟ್ರಾನ್ಸಿಸ್ಟರು ಧ್ವನಿಯ ಅಲೆಯ ತಲೆಯನ್ನು ಕತ್ತರಿಸಿಬಿಡುತ್ತದೆ. ವಾಲ್ವ್ ಮೆಲ್ಲಗೆ ಅದುಮುತ್ತದೆ. ಜೊತೆಗೆ ಪ್ರತಿ ಸ್ವರಕ್ಕೂ ಅದರದೇ ಮೇಲಿನ ಸ್ಥಾಯಿಯ ಸಣ್ಣ ಎಳೆಯೊಂದನ್ನು ಸೇರಿಸುತ್ತದೆ. ಶಾಸ್ತ್ರದ ಪ್ರಕಾರ ಇದು ವಿಕೃತಿಯೇ. ಆದರೆ ಕಿವಿಗೆ ಒಗ್ಗುವ ವಿಕೃತಿ.

ಇನ್ನು ಲೆಕ್ಕ. ಸ್ಪೀಕರಿನ ವಿವರಪಟ್ಟಿಯಲ್ಲಿ ‘88 ಡೆಸಿಬೆಲ್’ ಎಂದಿದ್ದರೆ, ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಎಂದರ್ಥ. ನಾವು ಮಾತಾಡುವ ಸದ್ದು ಸುಮಾರು 60 ಡೆಸಿಬೆಲ್. ಮೂರು ಡೆಸಿಬೆಲ್ ಹೆಚ್ಚಬೇಕಾದರೆ ವ್ಯಾಟ್ ಇಮ್ಮಡಿಯಾಗಬೇಕು. ಹಾಗಾಗಿ 88ರ ಸ್ಪೀಕರು 20 ವ್ಯಾಟಿನಲ್ಲಿ ಮಾಡುವ ಕೆಲಸವನ್ನು 94ರ ಸ್ಪೀಕರು 5 ವ್ಯಾಟಿನಲ್ಲೇ ಮಾಡುತ್ತದೆ. ಒಂಟಿ ಇಎಲ್84 ವಾಲ್ವ್ ಕೊಡುವುದು ಸುಮಾರು 5 ವ್ಯಾಟ್. ಸ್ಪೀಕರು ಸರಿಯಿದ್ದರೆ ನಡುಮನೆಗೆ ಅದು ಸಾಕು.

ಈ ಸೀಮೆಯ ಹಳೆಯ ಚಪ್ಪಡಿ ಕಲ್ಲಿನ ಮನೆಗಳಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ಸದ್ದಿಗೆ ಕೊರತೆಯಿಲ್ಲ, ಸ್ಪಷ್ಟತೆಗೆ ಕೊರತೆ. ಅಲ್ಲಿ ವ್ಯಾಟ್ ಹೆಚ್ಚಿಸಿದರೆ ಗೊಂದಲ ಹೆಚ್ಚೀತು. ನೆಲಕ್ಕೊಂದು ಜಮಖಾನ, ಗೋಡೆಗೊಂದು ದಪ್ಪ ಪರದೆ ಹೆಚ್ಚು ಉಪಕಾರಿ.

ಆಮೇಲೆ ನೋಡಬೇಕಾದದ್ದು ಸ್ಪೀಕರಿಗೆ ಶಕ್ತಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಇದರಲ್ಲಿ ಕಬ್ಬಿಣ, ತಾಮ್ರ ಉಳಿಸಿದರೆ ಮೃದಂಗದ ತೊಪ್ಪಿಯ ನಾದ ಸೊರಗುತ್ತದೆ. ವಾಲ್ವ್ ಸವೆಯುವ ವಸ್ತು. ಇಎಲ್84, ಇಎಲ್34, ಇಸಿಸಿ83 ಇವು ಇಂದಿಗೂ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ತಯಾರಾಗುತ್ತವೆ. ಅಪರೂಪದ ವಾಲ್ವ್ ಬೇಡುವ ಸೆಟ್ಟು ಕೆಟ್ಟರೆ ಷೋಕೇಸಿಗಷ್ಟೇ ಲಾಯಕ್ಕು. ಜಪಾನಿನ ಸೆಟ್ಟು 100 ವೋಲ್ಟಿನದಾಗಿರಬಹುದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ವೋಲ್ಟೇಜ್ ಏರಿಳಿಯುವ ಕಡೆ ಸ್ಟೆಬಿಲೈಸರ್ ಇರಲಿ.

ಕೊನೆಯದು ಪ್ರಾಣದ ಮಾತು. ಈ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಮಿಕ್ಕ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಅಟ್ಟದಿಂದ ಇಳಿಸಿದ ತಾತನ ಸೆಟ್ಟನ್ನು ಹಾಗೆಯೇ ಚಾಲೂ ಮಾಡದೆ, ಬಲ್ಲ ಮೆಕ್ಯಾನಿಕ್‌ಗೆ ತೋರಿಸಬೇಕು. ಸ್ಪೀಕರು ಜೋಡಿಸದೆ ಯಾವ ವಾಲ್ವ್ ಆಂಪ್ಲಿಫೈಯರನ್ನೂ ಹಚ್ಚಬಾರದು.

ಹಣ ಕೊಡುವ ಮುನ್ನ ನಿಮ್ಮದೇ ಸ್ಪೀಕರಿಗೆ ಜೋಡಿಸಿ, ಚೆನ್ನಾಗಿ ಪರಿಚಯವಿರುವ ಕಂಠವೊಂದನ್ನು ಅರ್ಧ ಗಂಟೆ ಕೇಳಿ. ಸದ್ದು ಹೆಚ್ಚಿಸಬೇಕೆಂದು ಕೈ ಮತ್ತೆ ಮತ್ತೆ ಗುಂಡಿಗೆ ಹೋಗದಿದ್ದರೆ, ಅಷ್ಟು ವ್ಯಾಟ್ ನಿಮಗೆ ಸಾಕು.