ಸಾಮ್ರಾಜ್ಯ ಬೆಳೆದಂತೆ ಕಂಪ್ಯೂಟರು ಬಳಲುವುದೇಕೆ?

2016ರಲ್ಲಿ ಸ್ವೀಡನ್ನಿನಿಂದ ಹೊರಬಂದ ‘ಸ್ಟೆಲ್ಲಾರಿಸ್’ ಆಟದಲ್ಲಿ ನಕ್ಷತ್ರಲೋಕವನ್ನೇ ಆಳಬಹುದು. ಆದರೆ ಪ್ರಜೆಗಳೂ ನೌಕಾಪಡೆಗಳೂ ಹೆಚ್ಚಿದಂತೆಲ್ಲ ಲೆಕ್ಕದ ಹೊರೆ ಏರಿ, ಮನೆಯ ಕಂಪ್ಯೂಟರು ಏದುಸಿರು ಬಿಡತೊಡಗುತ್ತದೆ.

ಆಗ ಮಕ್ಕಳು ಬೇಡುವುದು ದುಬಾರಿ ಗ್ರಾಫಿಕ್ಸ್ ಕಾರ್ಡನ್ನು. ಅದಾದರೋ ಚಿತ್ರಕಾರ, ಬಳಲಿರುವವನು ಲೆಕ್ಕಿಗ, ಅರ್ಥಾತ್ ಪ್ರೊಸೆಸರು. ಇದನ್ನರಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಆಟದ ಒಂದು ವರ್ಷ ಉರುಳಲು ಹಿಡಿಯುವ ಸಮಯವನ್ನು ಅಳೆದು, ಚಿತ್ರದ ಗುಣಮಟ್ಟ ತಗ್ಗಿಸಿ ಮತ್ತೆ ಅಳೆಯಬೇಕು. ವ್ಯತ್ಯಾಸ ಕಾಣದಿದ್ದರೆ ಕಾರ್ಡು ನಿರಪರಾಧಿ.

ಪ್ರೊಸೆಸರಿನ ಒಡಲಲ್ಲಿರುವ ‘ಕ್ಯಾಶ್’ ಎಂಬ ನೆನಪಿನ ಕೋಶ ಹಿರಿದಾದರೆ ಇಂಥ ಲೆಕ್ಕಗಳು ಚುರುಕಾಗುತ್ತವೆ. 2022ರ ರೈಜನ್ 7 5800ಎಕ್ಸ್3ಡಿಯಲ್ಲಿ ಅದು 96 ಮೆಗಾಬೈಟ್. ಅದರ ಸೋದರ 5800ಎಕ್ಸ್‌ನಲ್ಲಿ 32 ಮಾತ್ರ. ಹಳೆಯ ಎಎಂ4 ಮದರ್‌ಬೋರ್ಡುಗಳಲ್ಲಿ ಅನೇಕವು ಬಯೋಸ್ ನವೀಕರಿಸಿದೊಡನೆ ಇದನ್ನು ಸ್ವೀಕರಿಸುತ್ತವೆ. ಹೊಸ ಯಂತ್ರ ಕೊಳ್ಳದೆಯೇ ಸಾಮ್ರಾಜ್ಯ ಉಳಿದೀತು. ಸಂಸಾರದ ಬೊಕ್ಕಸವೂ ಉಳಿದೀತು.